ಮನೆ ಮೀಟರಿಗಿಂತ ಮೊದಲು ಟಿಸಿ ಮಾತಾಡಲಿ: ಉತ್ತರ ಕನ್ನಡದ ಕರೆಂಟ್ ಜಾಲಕ್ಕೆ ಬೇಕಾದ ಸಂಪರ್ಕ

ಉತ್ತರ ಕನ್ನಡದಷ್ಟು ಕರೆಂಟ್ ತಯಾರಿಸುವ ಜಿಲ್ಲೆಗಳು ರಾಜ್ಯದಲ್ಲಿ ಹೆಚ್ಚಿಲ್ಲ. ಕಾಳಿ ಹೊಳೆಯೊಂದರಲ್ಲೇ ಸೂಪಾದಲ್ಲಿ 100 ಮೆಗಾವ್ಯಾಟ್, ನಾಗಝರಿಯಲ್ಲಿ ಹತ್ತಿರ ಹತ್ತಿರ 900, ಕೊಡಸಳ್ಳಿಯಲ್ಲಿ 120, ಕದ್ರಾದಲ್ಲಿ 150. ಕೈಗಾದ ನಾಲ್ಕು ಅಣು ಘಟಕಗಳು ತಲಾ 220ರಂತೆ 880. ಶರಾವತಿಯ ಕೊನೆಯ ಅಣೆಕಟ್ಟು ಗೇರುಸೊಪ್ಪೆಯಲ್ಲಿ ಇನ್ನೊಂದು 240. ಎಲ್ಲ ಸೇರಿಸಿದರೆ 2,300 ಮೆಗಾವ್ಯಾಟ್‌ಗೂ ಜಾಸ್ತಿ.

ಇದೇ ಜಿಲ್ಲೆಯಲ್ಲಿ ಜೂನ್-ಜುಲೈ ಗಾಳಿಮಳೆ ಶುರುವಾದರೆ ಘಟ್ಟದ ಮೇಲಿನ ಹಳ್ಳಿಗಳಿಗೆ, ಜೋಯಿಡಾದ ಕಾಡಿನ ಮಜರೆಗಳಿಗೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಕಾರಣ ಕೇಳಿದರೆ ಎಲ್ಲರೂ ಹೇಳುವುದು ಒಂದೇ: ಮರ ಬಿತ್ತು, ಕಂಬ ಮುರಿಯಿತು, ಕಾಡಿನ ಲೈನು ಏನು ಮಾಡೋದು. ಅದು ನಿಜವೇ. ಆದರೆ ಅರ್ಧ ನಿಜ. ಎಷ್ಟೋ ಸಲ ಕಂಬ ಎಬ್ಬಿಸಿ ತಂತಿ ಎಳೆಯುವುದಕ್ಕಿಂತ ಜಾಸ್ತಿ ಹೊತ್ತು ಹೋಗುವುದು ಅದು ಎಲ್ಲಿ ಬಿದ್ದಿದೆ ಅಂತ ಹುಡುಕುವುದಕ್ಕೆ. ಯಾಕೆಂದರೆ ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಮೊಬೈಲ್ ನೆಟ್‌ವರ್ಕ್ ಕೂಡ ಹೋಗುತ್ತದೆ. ಊರಿನವರು ಕರೆಂಟ್ ದೂರಿನ ನಂಬರ್ 1912ಕ್ಕೆ ಫೋನ್ ಮಾಡೋಣ ಅಂದರೆ ಸಿಗ್ನಲ್ ಇಲ್ಲ. ಕಾಡಿನೊಳಗಿರುವ ಲೈನ್‌ಮನ್‌ಗೆ ಕರೆಂಟ್ ಸ್ಟೇಷನ್ ಸಿಗುವುದಿಲ್ಲ, ಸ್ಟೇಷನ್‌ಗೆ ಲೈನ್‌ಮನ್ ಸಿಗುವುದಿಲ್ಲ.

ಇವತ್ತು ದೇಶದಲ್ಲೆಲ್ಲ ಲೆಕ್ಕವನ್ನು ತಾನೇ ಕಂಪನಿಗೆ ಕಳಿಸುವ ಸ್ಮಾರ್ಟ್ ಮೀಟರ್, ಸ್ಮಾರ್ಟ್ ಗ್ರಿಡ್ ಅಂತ ದೊಡ್ಡ ಮಾತು ನಡೆಯುತ್ತಿದೆ. ಆ ಮಾತಿನಲ್ಲಿ ಹೆಚ್ಚು ಕೇಳಿಸುವುದು ಮೀಟರಿನ ಬೆಲೆ, ಪ್ರೀಪೇಯ್ಡ್ ಬೇಕೋ ಬೇಡವೋ ಅನ್ನುವ ಜಗಳ. ಅದರ ಹಿಂದಿರುವ ಸಂಪರ್ಕ ಜಾಲದ ಬಗ್ಗೆ, ಅಂದರೆ ಕರೆಂಟಿನ ಯಂತ್ರಗಳೂ ಅದನ್ನು ನೋಡಿಕೊಳ್ಳುವ ಮನುಷ್ಯರೂ ಪರಸ್ಪರ ಸುದ್ದಿ ಮುಟ್ಟಿಸುವ ವ್ಯವಸ್ಥೆಯ ಬಗ್ಗೆ, ಚರ್ಚೆ ತುಂಬಾ ಕಡಿಮೆ. ನಮ್ಮಂಥ ಜಿಲ್ಲೆಗೆ ಮಾತ್ರ ಅದೇ ಮುಖ್ಯ. ಮನೆ ಮೀಟರಿಗಿಂತ ಮೊದಲು ಟಿಸಿ, ಅಂದರೆ ಮನೆಗಳಿಗೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್, ಮಾತಾಡಲಿ ಅನ್ನುವುದು ಅದಕ್ಕೇ.

ಮೇಲೆ ಗಟ್ಟಿ, ಕೆಳಗೆ ತೆಳು

ಮೊದಲು ಈಗ ಏನಿದೆ ನೋಡೋಣ. ಕೈಗಾ, ನಾಗಝರಿಗಳಿಂದ ಹೊರಡುವ 220 ಮತ್ತು 400 ಕೆ.ವಿ. ಲೈನುಗಳ ಮಟ್ಟದಲ್ಲಿ ಸಂಪರ್ಕ ಅನ್ನುವುದು ಹೊಸ ವಿಷಯ ಏನಲ್ಲ. ದೊಡ್ಡ ಸ್ಟೇಷನ್ ಹತ್ತಿರ ಹೋದಾಗ ಲೈನ್ ಒಳಗೆ ಬರುವ ಜಾಗದಲ್ಲಿ ಮೇಲುಗಡೆ ದುಂಡನೆಯ ದಪ್ಪ ಸುರುಳಿ ಕಾಣುತ್ತದೆ, ನೋಡಿರಬಹುದು. ಅದಕ್ಕೆ ವೇವ್ ಟ್ರ್ಯಾಪ್ ಅಂತಾರೆ. ಕರೆಂಟ್ ಹರಿಯುವ ತಂತಿಯಲ್ಲೇ ಹೆಚ್ಚಿನ ಫ್ರೀಕ್ವೆನ್ಸಿಯ ಇನ್ನೊಂದು ಸಿಗ್ನಲ್ ಸೇರಿಸಿ ಕಳಿಸುತ್ತಾರೆ, ಆ ಸಿಗ್ನಲ್ ಸ್ಟೇಷನ್ನಿನೊಳಗೆ ನುಗ್ಗದಂತೆ ಈ ಸುರುಳಿ ತಡೆಯುತ್ತದೆ. ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ಮಾತಾಡುವ ಫೋನು, ಲೈನ್ ಕಾಯುವ ರಿಲೇಗಳ ಸಂದೇಶ ಎರಡೂ ದಶಕಗಳ ಕಾಲ ಇದೇ ದಾರಿಯಲ್ಲಿ ಹೋದವು. ಹೆಸರು ಪಿಎಲ್‌ಸಿಸಿ. ಗಟ್ಟಿ ವ್ಯವಸ್ಥೆ, ಆದರೆ ಇದರಲ್ಲಿ ಹೋಗುವ ಮಾಹಿತಿ ತೀರಾ ಸ್ವಲ್ಪ. ಜೊತೆಗೆ ತಂತಿ ಮುರಿದರೆ ಅದರ ಮೇಲಿನ ಮಾತೂ ಕೆಡುತ್ತದೆ.

ಆಮೇಲೆ ಬಂದದ್ದು ಒಪಿಜಿಡಬ್ಲ್ಯೂ. ಟವರ್‌ಗಳ ತುತ್ತತುದಿಯಲ್ಲಿ ಸಿಡಿಲಿನಿಂದ ಲೈನ್ ಕಾಪಾಡಲು ಒಂದು ತಂತಿ ಇರುತ್ತದೆ ಅಲ್ವಾ, ಅದರ ಹೊಟ್ಟೆಯೊಳಗೇ ಆಪ್ಟಿಕಲ್ ಫೈಬರ್ ಇಟ್ಟುಬಿಟ್ಟರು. ಒಳ್ಳೆ ಉಪಾಯ. ಜೆಸಿಬಿ ಅಗೆದು ಕತ್ತರಿಸುವ ಭಯ ಇಲ್ಲ, ಬೇರೆ ಜಾಗ ಬೇಕಿಲ್ಲ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಅಂದರೆ 100 ಕಿ.ಮೀ. ದೂರಕ್ಕೆ ಅರ್ಧ ಮಿಲಿಸೆಕೆಂಡ್ ಸಾಕು.

ಇಷ್ಟು ವೇಗ ಯಾಕೆ ಬೇಕು? 400 ಕೆ.ವಿ. ಲೈನಿನಲ್ಲಿ ದೋಷ ಬಂದರೆ 100 ಮಿಲಿಸೆಕೆಂಡಿನೊಳಗೆ, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ, ಆ ಲೈನನ್ನು ಬೇರ್ಪಡಿಸಬೇಕು ಅಂತ ನಿಯಮ ಇದೆ. ಬ್ರೇಕರ್, ಅಂದರೆ ಲೈನ್ ಕಡಿಯುವ ದೊಡ್ಡ ಸ್ವಿಚ್ಚು, ತೆರೆಯುವ ಸಮಯ, ರಿಲೇ ತೀರ್ಮಾನ ಮಾಡುವ ಸಮಯ ಎಲ್ಲ ಇದರಲ್ಲೇ ಸೇರಿದೆ. ಡಿಫರೆನ್ಷಿಯಲ್ ರಕ್ಷಣೆ ಅಂತ ಒಂದು ಪದ್ಧತಿ ಇದೆ. ತೋಟಕ್ಕೆ ಪೈಪ್ ಎಳೆದವರಿಗೆ ಇದು ಬೇಗ ಅರ್ಥ ಆಗುತ್ತದೆ: ಈ ತುದಿಯಲ್ಲಿ ಬಿಟ್ಟಷ್ಟು ನೀರು ಆ ತುದಿಯಲ್ಲಿ ಬರದಿದ್ದರೆ ನಡುವೆ ಎಲ್ಲೋ ಒಡೆದಿದೆ ಅಂತಲೇ ಲೆಕ್ಕ. ಲೈನಿನ ಎರಡೂ ತುದಿಯ ರಿಲೇಗಳು ಕ್ಷಣಕ್ಷಣವೂ ತಮ್ಮ ತಮ್ಮ ಅಳತೆ ಹೇಳಿಕೊಳ್ಳುತ್ತಿದ್ದರೆ ಮಾತ್ರ ಈ ಲೆಕ್ಕ ಸಿಗುವುದು.

ಇನ್ನು ಒಂದು ಮೆಟ್ಟಿಲು ಕೆಳಗೆ ಬಂದರೆ ಊರೂರಿನ ಸಬ್‌ಸ್ಟೇಷನ್‌ಗಳು. ಅಲ್ಲಿನ ವೋಲ್ಟೇಜ್, ಲೋಡ್, ಬ್ರೇಕರ್ ಆನ್ ಇದೆಯೋ ಆಫ್ ಇದೆಯೋ ಅನ್ನುವುದು ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಸೆಂಟರಿಗೆ ಕಾಣಬೇಕು. ಇದಕ್ಕೆ ಸ್ಕಾಡಾ ಅಂತಾರೆ. ರಾಜ್ಯದ ದೊಡ್ಡ ಲೈನುಗಳನ್ನು ನೋಡಿಕೊಳ್ಳುವ ಕೆಪಿಟಿಸಿಎಲ್ ಇದಕ್ಕಾಗಿ ವಿ-ಸ್ಯಾಟ್, ಅಂದರೆ ಸ್ಟೇಷನ್ ಆವರಣದಲ್ಲಿ ಸಣ್ಣ ಡಿಶ್ ಇಟ್ಟು ಉಪಗ್ರಹದ ಮೂಲಕ ಮಾಹಿತಿ ಕಳಿಸುವ ದಾರಿ ಹಿಡಿಯಿತು. ಕಾಡು, ಘಟ್ಟ ದಾಟಿ ಕೇಬಲ್ ಎಳೆಯದೆ ಎಲ್ಲ ಕಡೆಗೂ ಒಮ್ಮೆಗೇ ತಲುಪಬಹುದಾದ ದಾರಿ ಅದು. ಆ ಹೊತ್ತಿಗೆ ಸರಿಯಾದ ನಿರ್ಧಾರವೇ. ಆದರೆ ಉಪಗ್ರಹ ಇರುವುದು 36,000 ಕಿ.ಮೀ. ಮೇಲೆ. ಸಂದೇಶ ಹೋಗಿ ಉತ್ತರ ಬರಲು ಅರ್ಧ ಸೆಕೆಂಡಿಗೂ ಜಾಸ್ತಿ ಬೇಕು, ಹಾಗಾಗಿ ರಕ್ಷಣೆಯ ಕೆಲಸಕ್ಕೆ ಆಗಿಬರುವುದಿಲ್ಲ. ಜೋರು ಮಳೆಯಲ್ಲಿ ಉಪಗ್ರಹದ ಸಿಗ್ನಲ್ ಕುಗ್ಗುತ್ತದೆ. ವರ್ಷಕ್ಕೆ 3,000 ಮಿ.ಮೀ. ಮಳೆ ಸುರಿಯುವ ಕರಾವಳಿಯಲ್ಲಿ ಇದು ಸಣ್ಣ ಕೊರತೆಯಲ್ಲ. ಸಿಗ್ನಲ್ ತೀರಾ ಬೇಕಾಗುವ ದಿನವೇ ಅದು ಸೊರಗುತ್ತದೆ.

ಅದರ ಕೆಳಗೆ? 11 ಕೆ.ವಿ. ಫೀಡರ್ (ಸ್ಟೇಷನ್ನಿನಿಂದ ಊರುಗಳಿಗೆ ಹೋಗುವ ಲೈನು), ಜಿಒಎಸ್ ಸ್ವಿಚ್ಚು (ಲೈನಿನ ನಡುವೆ ಕೈಯಿಂದ ತೆಗೆದು ಹಾಕುವ ಸ್ವಿಚ್ಚು), ಟಿಸಿ, ಲೈನ್‌ಮನ್. ಇಲ್ಲಿಗೆ ಬಂದಾಗ ಹಳ್ಳಿಗಾಡಿನಲ್ಲಿ ಸಂಪರ್ಕ ಜಾಲ ಅಂದರೆ ಬಹುಪಾಲು ಲೈನ್‌ಮನ್ ಜೇಬಿನ ಮೊಬೈಲ್ ಒಂದೇ. ಜನರಿಗೆ ಕರೆಂಟ್ ಹೋಗುವುದು, ಜನ ಸಾಯುವುದು, ಲೈನ್‌ಮನ್ ಸಾಯುವುದು ಎಲ್ಲ ಆಗುವುದು ಈ ಮಟ್ಟದಲ್ಲೇ. ಜಾಲ ಅತಿ ತೆಳುವಾಗಿರುವುದೂ ಇಲ್ಲೇ.

ಒಂದು ಫೀಡರ್ ಟ್ರಿಪ್ ಆದಾಗ ಏನಾಗುತ್ತದೆ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇದು ಗೊತ್ತಾಗದೆ ಉಳಿದದ್ದು ಅರ್ಥವಾಗುವುದಿಲ್ಲ.

ಒಂದು 33/11 ಕೆ.ವಿ. ಸ್ಟೇಷನ್ನಿನಿಂದ ಹೊರಟ ಫೀಡರ್ ತೋಟ, ಬೆಟ್ಟ, ಹೊಳೆ ದಾಟಿ ಹತ್ತಾರು ಕಿಲೋಮೀಟರ್ ಹೋಗುತ್ತದೆ. ದಾರಿಯಲ್ಲಿ ಕವಲೊಡೆಯುತ್ತದೆ. ಎಲ್ಲೋ ಒಂದು ಕಡೆ ಮರ ಬಿದ್ದು ತಂತಿಗಳು ತಾಗಿದವು ಅಂತಿಟ್ಟುಕೊಳ್ಳಿ. ಸ್ಟೇಷನ್ನಿನ ರಿಲೇ ಜಾಸ್ತಿ ಕರೆಂಟ್ ಹರಿದದ್ದನ್ನು ಗಮನಿಸಿ ಬ್ರೇಕರ್ ತೆಗೆಯುತ್ತದೆ, ಅಂದರೆ ಲೈನ್ ಆಫ್ ಮಾಡುತ್ತದೆ. ಆಪರೇಟರ್‌ಗೆ ಗೊತ್ತಾಗುವುದು ಇಷ್ಟೇ: ಫೀಡರ್ ಟ್ರಿಪ್ ಆಗಿದೆ. ಎಲ್ಲಿ ಅಂತ ಗೊತ್ತಿಲ್ಲ. ಒಂದು ಸಲ ಮತ್ತೆ ಹಾಕಿ ನೋಡುತ್ತಾರೆ. ನಿಲ್ಲದಿದ್ದರೆ ಲೈನ್‌ಮನ್ ಹೊರಡಬೇಕು. ನಡುವಿನ ಜಿಒಎಸ್ ತೆಗೆದು ಆ ಕಡೆಯ ಭಾಗ ಬೇರೆ ಮಾಡಿ ಸ್ಟೇಷನ್‌ಗೆ ಫೋನ್ ಮಾಡಿ "ಈಗ ಹಾಕಿ ನೋಡಿ" ಅನ್ನಬೇಕು. ನಿಂತರೆ ದೋಷ ಆಚೆಗಿದೆ, ನಿಲ್ಲದಿದ್ದರೆ ಈಚೆಗಿದೆ. ಹೀಗೆ ಒಂದೊಂದೇ ತುಂಡು ಪರೀಕ್ಷೆ ಮಾಡುತ್ತಾ ಹೋಗಬೇಕು, ಮಳೆಯಲ್ಲಿ, ಉಂಬಳ ಕಚ್ಚಿಸಿಕೊಳ್ಳುತ್ತಾ, ಕತ್ತಲಾದರೆ ಟಾರ್ಚ್ ಹಿಡಿದು, ಮತ್ತು ಪ್ರತಿ ಹೆಜ್ಜೆಗೂ ಫೋನ್ ಸಿಗ್ನಲ್ ಬೇಕು, ಸಿಗ್ನಲ್ ಇಲ್ಲದಿದ್ದರೆ ಗುಡ್ಡ ಹತ್ತಿ ಫೋನ್ ಮಾಡಿ ಮತ್ತೆ ಇಳಿದು ಬರಬೇಕು.

ಇದರಲ್ಲಿ ಜೀವದ ಪ್ರಶ್ನೆಯೂ ಇದೆ. ಕಂಬ ಹತ್ತುವ ಮೊದಲು ಎಲ್‌ಸಿ ತೆಗೆದುಕೊಳ್ಳುತ್ತಾರೆ, ಅಂದರೆ ಈ ಲೈನಿಗೆ ಕರೆಂಟ್ ಬಿಡಬೇಡಿ ಅಂತ ಸ್ಟೇಷನ್ನಿನಿಂದ ಖಾತ್ರಿ ಪಡೆಯುತ್ತಾರೆ. ಕೆಲಸ ಮುಗಿದ ಮೇಲೆ ಅದನ್ನು ವಾಪಸ್ ಮಾಡಬೇಕು. ಈ ಮಾತುಕತೆ ಅರ್ಧಂಬರ್ಧ ಕೇಳಿಸುವ ಫೋನಿನಲ್ಲಿ, ಒಂದೇ ಸ್ಟೇಷನ್ನಿನ ಮೂರ್ನಾಲ್ಕು ಫೀಡರ್‌ಗಳಲ್ಲಿ ಒಟ್ಟಿಗೇ ಕೆಲಸ ನಡೆಯುವ ದಿನ, ಆಗುತ್ತದೆ. ಒಂದು ಹೆಸರು ತಪ್ಪಾಗಿ ಕೇಳಿಸಿದರೆ ಸಾಕು. ಕಂಬದ ಮೇಲಿರುವ ಹುಡುಗ ನಮ್ಮ ಊರಿನವನೇ, ಎಷ್ಟೋ ಸಲ ಗುತ್ತಿಗೆ ಮೇಲೆ ಕೆಲಸ ಮಾಡುವವನು. ಸಂಪರ್ಕ ಜಾಲಕ್ಕೆ ದುಡ್ಡು ಹಾಕಬೇಕು ಅನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಇನ್ನೊಂದು ಅಪಾಯ ಇದೆ, ಇದರ ಬಗ್ಗೆ ಮಾತೇ ಕಡಿಮೆ. ತಂತಿ ಹರಿದು ನೆಲಕ್ಕೆ ಬಿದ್ದರೆ ಬ್ರೇಕರ್ ಟ್ರಿಪ್ ಆಗಲೇಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಯಾವಾಗಲೂ ಆಗುವುದಿಲ್ಲ. ಒಣ ಜಂಬಿಟ್ಟಿಗೆ ನೆಲದ ಮೇಲೆ, ಕಲ್ಲಿನ ಮೇಲೆ ಬಿದ್ದರೆ ಹರಿಯುವ ಕರೆಂಟ್ ತೀರಾ ಕಡಿಮೆ. ರಿಲೇಗೆ ಅದು ಮಾಮೂಲಿ ಲೋಡ್ ತರಹವೇ ಕಾಣಿಸುತ್ತದೆ. ಸ್ಟೇಷನ್ನಿನಲ್ಲಿ ಎಲ್ಲ ಸರಿ ಇದೆ ಅಂತ ತೋರಿಸುತ್ತದೆ, ಇತ್ತ ಜೀವ ಇರುವ ತಂತಿ ಬೇಣದಲ್ಲಿ ಬಿದ್ದಿರುತ್ತದೆ. ದನ ಮೇಯಿಸುವವರು, ಬೆಳಿಗ್ಗೆ ತೋಟಕ್ಕೆ ಹೋಗುವವರು ತುಳಿಯುವುದು ಇದನ್ನೇ.

ಆದರೆ ಹರಿದ ಜಾಗದಿಂದ ಆಚೆಗಿರುವ ಟಿಸಿಗಳಿಗೆ ಇದು ಗೊತ್ತಿರುತ್ತದೆ! ಮೂರು ಫೇಸಿನಲ್ಲಿ ಒಂದರ ವೋಲ್ಟೇಜ್ ಅಲ್ಲಿ ಬಿದ್ದುಹೋಗಿರುತ್ತದೆ. ಆ ಟಿಸಿಗೆ ಒಂದು ಮೀಟರ್, ಆ ಮೀಟರಿಗೆ ಸುದ್ದಿ ಕಳಿಸುವ ಒಂದು ದಾರಿ ಇದ್ದರೆ, "ಇಂಥ ಕಂಬದಿಂದ ಆಚೆ ಒಂದು ಫೇಸ್ ಇಲ್ಲ, ಈಚೆ ಇದೆ" ಅಂತ ಸ್ಟೇಷನ್‌ಗೆ ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ಆಪರೇಟರ್ ಫೀಡರ್ ಆಫ್ ಮಾಡಬಹುದು. ಲೈನ್‌ಮನ್ ನೇರ ಆ ಜಾಗಕ್ಕೇ ಹೋಗಬಹುದು.

ನಾನು ಮನೆ ಮೀಟರಿಗಿಂತ ಮೊದಲು ಟಿಸಿ ಅನ್ನುವುದು ಇದಕ್ಕೇ. ಒಂದು ಟಿಸಿ ಕೆಳಗೆ ಹತ್ತಾರು ಮನೆ ಇರುತ್ತವೆ. ಎಲ್ಲ ಮನೆಗೂ ಸಂಪರ್ಕ ಕೊಡುವ ಬದಲು ಮೊದಲು ಅವುಗಳ ತಲೆಯ ಮೇಲಿರುವ ಒಂದಕ್ಕೆ ಕೊಟ್ಟರೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಗೊತ್ತಾಗುತ್ತದೆ. ಬಿಲ್ಲಿಂಗಿಗೆ ಮನೆ ಮೀಟರ್ ಬೇಕು, ಒಪ್ಪುತ್ತೇನೆ. ಆದರೆ ನಮ್ಮ ಜಿಲ್ಲೆಯ ಮೊದಲ ಕಷ್ಟ ಬಿಲ್ಲಿಂಗ್ ಅಲ್ಲ.

ಸ್ಮಾರ್ಟ್ ಮೀಟರ್ ಯಾರ ಜೊತೆ ಮಾತಾಡುತ್ತದೆ?

ಕೇಂದ್ರ ಸರ್ಕಾರ 2021ರಲ್ಲಿ ಕರೆಂಟ್ ವಿತರಣೆ ಸುಧಾರಿಸಲು ತಂದ ಆರ್‌ಡಿಎಸ್‌ಎಸ್ ಯೋಜನೆಯಲ್ಲಿ ದೇಶಾದ್ಯಂತ 25 ಕೋಟಿ ಸ್ಮಾರ್ಟ್ ಮೀಟರ್ ಹಾಕುವ ಗುರಿ ಇಟ್ಟರು. ಕರ್ನಾಟಕದಲ್ಲಿ 2025ರಲ್ಲಿ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿದಾಗ ದೊಡ್ಡ ಗಲಾಟೆಯಾಗಿ ವಿಷಯ ಹೈಕೋರ್ಟಿಗೂ ಹೋಯಿತು. ಅದು ಬೆಲೆಯ ಗಲಾಟೆ. ನನ್ನ ಪ್ರಶ್ನೆ ಬೇರೆ: ಸಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಒಂದು ಮನೆಯಿಂದ ಇನ್ನೊಂದು ಮನೆಗೆ ಎರಡು ತೋಟ, ಒಂದು ಗುಡ್ಡ ಅಡ್ಡ ಇರುವ ಊರಿನಲ್ಲಿ ಆ ಮೀಟರ್ ಯಾರ ಜೊತೆ ಮಾತಾಡಬೇಕು?

ಮೂರು ದಾರಿ ಇವೆ. ಒಂದು, ಆರ್‌ಎಫ್ ಮೆಶ್. ಮೀಟರ್‌ಗಳು ಅಕ್ಕಪಕ್ಕದ ಮೀಟರ್‌ಗಳಿಗೆ ಸಣ್ಣ ರೇಡಿಯೋ ಮೂಲಕ ಸುದ್ದಿ ದಾಟಿಸುತ್ತಾ ಹೋಗುತ್ತವೆ. ನಮ್ಮ ದೇಶದಲ್ಲಿ ಇದಕ್ಕೆ ಲೈಸೆನ್ಸ್ ಬೇಡದ 865ರಿಂದ 868 ಮೆಗಾಹರ್ಟ್ಸ್ ಪಟ್ಟಿ ಇದೆ. ಕಾರವಾರ ಪೇಟೆ, ಸಿರಸಿ ಪೇಟೆ, ಭಟ್ಕಳದಂಥ ಒತ್ತೊತ್ತಾಗಿ ಮನೆ ಇರುವ ಜಾಗಕ್ಕೆ ಚೆನ್ನಾಗಿ ಒಗ್ಗುತ್ತದೆ. ಬಿಡಿ ಬಿಡಿ ಮನೆಗಳ ಮಲೆನಾಡಿಗೆ ಒಗ್ಗುವುದಿಲ್ಲ. ಹಸಿ ಎಲೆ ತುಂಬಿದ ಕಾಡು, ಅದರಲ್ಲೂ ಮಳೆಗಾಲದಲ್ಲಿ ತೊಯ್ದ ಎಲೆ, ಈ ಸಿಗ್ನಲ್ಲನ್ನು ಚೆನ್ನಾಗಿ ನುಂಗುತ್ತದೆ. ಎರಡು, ಕರೆಂಟ್ ತಂತಿಯಲ್ಲೇ ಸುದ್ದಿ ಕಳಿಸುವುದು. ತಂತಿ ಹರಿದರೆ ಸುದ್ದಿಯೂ ನಿಂತಿತು. ಮೂರು, ಪ್ರತಿ ಮೀಟರಿಗೂ ಒಂದು ಸಿಮ್. ಇದಕ್ಕೆ ಮೊಬೈಲ್ ಟವರ್ ಬೇಕು.

ಇಲ್ಲೇ ಗಂಟು ಬೀಳುವುದು. ಟವರಿಗೆ ಕರೆಂಟ್ ಬೇಕು. ಕರೆಂಟ್ ಹೋದರೆ ಬ್ಯಾಟರಿ, ಬ್ಯಾಟರಿ ಮುಗಿದರೆ ಜನರೇಟರ್, ಜನರೇಟರಿಗೆ ಡೀಸೆಲ್. ಈ ಸಾಲಿನಲ್ಲಿ ಒಂದು ತಪ್ಪಿದರೂ ಟವರ್ ಸುಮ್ಮನಾಗುತ್ತದೆ. ಸ್ಮಾರ್ಟ್ ಮೀಟರಿಗೆ ಒಂದು ಒಳ್ಳೆ ಗುಣ ಇದೆ, ಕರೆಂಟ್ ಹೋದ ತಕ್ಷಣ ಕೊನೆಯದಾಗಿ "ನನ್ನಲ್ಲಿ ಕರೆಂಟ್ ಇಲ್ಲ" ಅಂತ ಒಂದು ಸಂದೇಶ ಕಳಿಸುತ್ತದೆ. ಆ ಕ್ಷಣಕ್ಕೆ ಟವರಿನ ಬ್ಯಾಟರಿ ಗಟ್ಟಿ ಇದ್ದರೆ ಸಂದೇಶ ತಲುಪುತ್ತದೆ. ಎರಡನೇ ದಿನಕ್ಕೆ, ಮೂರನೇ ದಿನಕ್ಕೆ, ದುರಸ್ತಿ ನಡೆಯುವ ಹೊತ್ತಿನಲ್ಲಿ, ಯಾವ ಟಿಸಿಗೆ ಕರೆಂಟ್ ಬಂತು ಯಾವುದಕ್ಕೆ ಬಂದಿಲ್ಲ ಅಂತ ತಿಳಿಯಬೇಕಾದಾಗ ಟವರೇ ಇಲ್ಲ.

ಇದು ನಮ್ಮ ಹಿಂದುಳಿದ ಊರಿನ ಕತೆ ಮಾತ್ರ ಅಂದುಕೊಳ್ಳಬೇಡಿ. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ಪೂರ್ತಿ ಕತ್ತಲಾದಾಗ ಗಂಟೆಗಳು ಕಳೆದಂತೆ ಬ್ಯಾಟರಿ ಮುಗಿದು ಮೊಬೈಲ್ ಜಾಲವೂ ಕುಸಿಯುತ್ತಾ ಹೋಯಿತು. ಜರ್ಮನಿ ಈ ಅಪಾಯವನ್ನು ಮೊದಲೇ ಲೆಕ್ಕ ಹಾಕಿತ್ತು. 2021ರಲ್ಲಿ 450 ಮೆಗಾಹರ್ಟ್ಸ್ ತರಂಗ ಪಟ್ಟಿಯನ್ನು ಕರೆಂಟ್, ಗ್ಯಾಸ್, ನೀರಿನಂಥ ಅಗತ್ಯ ಸೇವೆಗಳಿಗೆ ಅಂತಲೇ ಕೊಟ್ಟುಬಿಟ್ಟರು. ಕರೆಂಟ್ ಇಲ್ಲದೆಯೂ 72 ಗಂಟೆ ನಡೆಯಬೇಕು ಅನ್ನುವ ಲೆಕ್ಕದಲ್ಲಿ ಆ ಜಾಲ ಕಟ್ಟುತ್ತಿದ್ದಾರೆ. ಕಡಿಮೆ ಫ್ರೀಕ್ವೆನ್ಸಿಯ ಅಲೆ ದೂರ ಹೋಗುತ್ತದೆ, ಗುಡ್ಡ ಮರಗಳನ್ನು ಸ್ವಲ್ಪ ಚೆನ್ನಾಗಿ ದಾಟುತ್ತದೆ. ಅಮೆರಿಕದಲ್ಲಿ 2020ರಲ್ಲಿ 900 ಮೆಗಾಹರ್ಟ್ಸ್ ಪಟ್ಟಿಯ ಒಂದು ಭಾಗವನ್ನು ಇಂಥ ಬಳಕೆಗೆ ತೆರೆದ ಮೇಲೆ ಹಲವು ಕರೆಂಟ್ ಕಂಪನಿಗಳು ತಮ್ಮದೇ ಸ್ವಂತ ಎಲ್‌ಟಿಇ (4ಜಿ) ಜಾಲ ಕಟ್ಟಲು ಹೊರಟವು. ಅವರಿಗೆ ಇನ್ನೊಂದು ಪೆಟ್ಟೂ ಬಿದ್ದಿತ್ತು: ಮೊಬೈಲ್ ಕಂಪನಿಗಳು 2022ರಲ್ಲಿ 3ಜಿ ನಿಲ್ಲಿಸಿದವು, ಆ ಜಾಲ ನಂಬಿ ಹಾಕಿದ ಉಪಕರಣಗಳನ್ನೆಲ್ಲ ಬದಲಿಸಬೇಕಾಯಿತು. ಮೀಟರ್ ಹತ್ತು ಹದಿನೈದು ವರ್ಷ ಗೋಡೆ ಮೇಲೆ ಇರುತ್ತದೆ, ಮೊಬೈಲ್ ತಂತ್ರಜ್ಞಾನ ಅಷ್ಟು ವರ್ಷ ಕಾಯುವುದಿಲ್ಲ. ಇಲ್ಲಿ 2ಜಿ ಸಿಮ್ ಹಾಕಿ ಮೀಟರ್ ಕೊಂಡರೆ ನಮಗೂ ಅದೇ ಗತಿ.

ಭಾರತದಲ್ಲಿ ಖಾಸಗಿ 5ಜಿ ಜಾಲಕ್ಕೆ 2022ರಲ್ಲಿ ಮಾರ್ಗಸೂಚಿ ಬಂದಿದೆ. ಕರೆಂಟ್ ಕಂಪನಿಗಳಿಗೂ ಇಂಥ ಒಂದು ಕಡಿಮೆ ಫ್ರೀಕ್ವೆನ್ಸಿ ಪಟ್ಟಿ ಮೀಸಲಿಟ್ಟರೆ ಪಶ್ಚಿಮ ಘಟ್ಟದ ಜಿಲ್ಲೆಗಳಿಗೆ ಆಗುವ ಉಪಕಾರ ದೊಡ್ಡದು. ಅದು ದೆಹಲಿಯಲ್ಲಿ ಆಗಬೇಕಾದ ಕೆಲಸ. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ.

ಇಲ್ಲೇ ಮಾಡಬಹುದಾದದ್ದು

ಎಲ್ಲಕ್ಕಿಂತ ಮೊದಲು ಲೈನ್‌ಮನ್‌ಗಳ ಕೈಗೆ ವಾಕಿಟಾಕಿ ಕೊಡಬೇಕು. ಹಳೇ ತಂತ್ರಜ್ಞಾನ ಅಂತ ಯಾರಾದರೂ ಮೂಗು ಮುರಿದರೆ ಮುರಿಯಲಿ. ಪೊಲೀಸರು, ಅರಣ್ಯ ಇಲಾಖೆಯವರು ವಿಎಚ್‌ಎಫ್ ವೈರ್‌ಲೆಸ್ ಬಿಟ್ಟಿಲ್ಲ, ಅದಕ್ಕೆ ಕಾರಣ ಇದೆ. ಎತ್ತರದ ಗುಡ್ಡದ ಮೇಲೆ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಒಂದು ರಿಪೀಟರ್, ಅದಕ್ಕೆ ಸೋಲಾರ್ ಪ್ಯಾನೆಲ್ಲು, ನಾಲ್ಕೈದು ದಿನ ಮೋಡ ಮುಚ್ಚಿದರೂ ತಡೆಯುವ ಬ್ಯಾಟರಿ ಇದ್ದರೆ ಸುತ್ತಲಿನ ಎಷ್ಟೋ ಹಳ್ಳಿ ತಲುಪುತ್ತದೆ. ಎಲ್‌ಸಿ ಮಾತು ಎಲ್ಲರಿಗೂ ಒಟ್ಟಿಗೆ ಕೇಳಿಸುತ್ತದೆ, ರೆಕಾರ್ಡ್ ಆಗುತ್ತದೆ. ಅರಣ್ಯ ಇಲಾಖೆಯ ರಿಪೀಟರ್ ಕಂಬವನ್ನೇ ಹಂಚಿಕೊಳ್ಳುವುದು ಸಾಧ್ಯವಾದರೆ ಹೊಸದಾಗಿ ಮರ ಕಡಿಯುವುದೂ ತಪ್ಪುತ್ತದೆ.

ಆಮೇಲೆ ಫಾಲ್ಟ್ ಇಂಡಿಕೇಟರ್. ತಂತಿಗೆ ಸಿಕ್ಕಿಸುವ ಸಣ್ಣ ಉಪಕರಣ. ತನ್ನ ಮೂಲಕ ದೋಷದ ಕರೆಂಟ್ ಹರಿದರೆ ದೀಪ ಮಿನುಗಿಸುತ್ತದೆ. ಮಿನುಗುತ್ತಿದ್ದರೆ ದೋಷ ಅದರಿಂದ ಆಚೆಗಿದೆ. ಲೈನು ರಸ್ತೆ ದಾಟುವ ಜಾಗಗಳಲ್ಲಿ, ಕವಲೊಡೆಯುವ ಜಾಗಗಳಲ್ಲಿ ಹಾಕಿದರೆ ಬೈಕಿನಲ್ಲಿ ಹೋಗುತ್ತಲೇ ಅರ್ಧ ಹುಡುಕಾಟ ಮುಗಿಯುತ್ತದೆ. ಸಂಪರ್ಕ ಇದ್ದರೆ ಸ್ಟೇಷನ್ನಿನಲ್ಲೇ ಕಾಣುತ್ತದೆ, ಇಲ್ಲದಿದ್ದರೂ ಕಣ್ಣಿಗೆ ಕಾಣುತ್ತದೆ. ಜಾಲ ಬಿದ್ದ ದಿನವೂ ಅರ್ಧ ಕೆಲಸ ಮಾಡುವ ಇಂಥ ವಸ್ತುಗಳೇ ನಮಗೆ ಬೇಕಾದವು.

ಸಬ್‌ಸ್ಟೇಷನ್‌ಗಳಿಗೆ ಫೈಬರ್ ಬರಬೇಕು, ಎರಡು ಬೇರೆ ಬೇರೆ ದಾರಿಯಲ್ಲಿ. ಬೇರೆ ದಾರಿ ಅಂದರೆ ನಿಜವಾಗಿಯೂ ಬೇರೆ. ಅರಬೈಲ್ ಘಟ್ಟದ ರಸ್ತೆಯ ಎಡಗಡೆ ಒಂದು ಕೇಬಲ್, ಬಲಗಡೆ ಒಂದು ಕೇಬಲ್ ಎಳೆದರೆ ಕಾಗದದಲ್ಲಿ ಎರಡು, ಗುಡ್ಡ ಜರಿದ ದಿನ ಒಂದೂ ಇಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ನ್ನೂ ಜನರನ್ನೂ ಗಂಗಾವಳಿಗೆ ತಳ್ಳಿದ್ದನ್ನು ನೋಡಿದ ಮೇಲೆ ರಸ್ತೆ ಬದಿಯ ಕೇಬಲ್ ಒಂದನ್ನೇ ನಂಬುವುದು ಹೇಗೆ? ಕರಾವಳಿಯುದ್ದಕ್ಕೂ ಕೊಂಕಣ ರೈಲ್ವೆ ತನ್ನ ಹಳಿಯ ಪಕ್ಕ ಫೈಬರ್ ಹಾಕಿಕೊಂಡಿದೆ. ಟವರ್‌ಗಳ ಮೇಲೆ ಒಪಿಜಿಡಬ್ಲ್ಯೂ ಇದೆ. ಪಂಚಾಯಿತಿಗಳಿಗೆ ಭಾರತ್‌ನೆಟ್ ಅನ್ನುವ ಸರ್ಕಾರಿ ಫೈಬರ್ ಬಂದಿದೆ. ಒಂದೊಂದು ಇಲಾಖೆಯದು ಒಂದೊಂದು ದಾರ, ಒಬ್ಬರದು ಇನ್ನೊಬ್ಬರಿಗೆ ಸಿಗಬೇಕು. ಹೊಸದಾಗಿ ಎಳೆಯುವುದಕ್ಕಿಂತ ಒಪ್ಪಂದ ಮಾಡಿಕೊಳ್ಳುವುದು ಅಗ್ಗ. ಫೈಬರ್ ಬಂದರೂ ವಿ-ಸ್ಯಾಟ್ ಡಿಶ್ ಕಿತ್ತು ಬಿಸಾಡಬಾರದು. ಎರಡೂ ಕೇಬಲ್ ಹೋದ ದಿನಕ್ಕೆ ಅದು ಇರಲಿ.

ಕಡಲ ತೀರಕ್ಕೆ ಇನ್ನೊಂದು ಮಾತು. ಉಪ್ಪುಗಾಳಿಗೆ ಆಂಟೆನಾ ಕನೆಕ್ಟರ್, ಪೆಟ್ಟಿಗೆಯ ಸ್ಕ್ರೂ, ಅರ್ತಿಂಗ್ ತಂತಿ ಎಲ್ಲ ಬೇಗ ತುಕ್ಕು ಹಿಡಿಯುತ್ತವೆ. ಬಯಲುಸೀಮೆಗೆ ಬರೆದ ಟೆಂಡರನ್ನೇ ಕಾರವಾರಕ್ಕೂ ಹೊನ್ನಾವರಕ್ಕೂ ಬಳಸಿದರೆ ದುಡ್ಡು ಉಪ್ಪಿನ ಪಾಲು.

ಹೊರಗಿನವರು ಒಳಗೆ ನುಗ್ಗುವ ಭಯವೂ ಚಿಕ್ಕದಲ್ಲ. 2015ರ ಡಿಸೆಂಬರ್ 23ರಂದು ಉಕ್ರೇನಿನಲ್ಲಿ ಹ್ಯಾಕರ್‌ಗಳು ಮೂರು ವಿತರಣಾ ಕಂಪನಿಗಳ ಕಂಪ್ಯೂಟರ್ ಹಿಡಿದು ಬ್ರೇಕರ್‌ಗಳನ್ನು ದೂರದಿಂದಲೇ ತೆಗೆದರು. ಸುಮಾರು 2,25,000 ಗ್ರಾಹಕರಿಗೆ ಕರೆಂಟ್ ಹೋಯಿತು. ದೂರು ಹೇಳಲು ಆಗದಂತೆ ಕಾಲ್ ಸೆಂಟರಿಗೆ ಸುಳ್ಳು ಕರೆಗಳ ಸುರಿಮಳೆ ಮಾಡಿದ್ದರು, ಸಬ್‌ಸ್ಟೇಷನ್‌ಗಳ ಸಂಪರ್ಕ ಉಪಕರಣಗಳ ಸಾಫ್ಟ್‌ವೇರ್ ಕೆಡಿಸಿದ್ದರು. ಅಲ್ಲಿನ ಸಿಬ್ಬಂದಿ ಕೆಲವು ಗಂಟೆಗಳಲ್ಲಿ ಕರೆಂಟ್ ವಾಪಸ್ ತಂದದ್ದು ಸ್ಟೇಷನ್‌ಗಳಿಗೆ ಖುದ್ದಾಗಿ ಹೋಗಿ ಕೈಯಿಂದ ಬ್ರೇಕರ್ ಹಾಕಿ. ದೂರದಿಂದ ನಡೆಸುವ ವ್ಯವಸ್ಥೆ ಬಂತು ಅಂತ ಸ್ಟೇಷನ್‌ಗಳ ಆಪರೇಟರ್ ಹುದ್ದೆಗಳನ್ನೆಲ್ಲ ತೆಗೆಯುವ ಯೋಚನೆ ಯಾರಿಗಾದರೂ ಇದ್ದರೆ ಇದನ್ನು ಮೊದಲು ಓದಬೇಕು.

ಗ್ಯಾಸ್ ಕೊಳವೆ ಬರುವ ಮುಂಚೆ

ಮನೆಮನೆಗೆ ಕೊಳವೆ ಗ್ಯಾಸ್ ತರುವ ಕೇಂದ್ರದ ಪಟ್ಟಿಯಲ್ಲಿ ನಮ್ಮ ಜಿಲ್ಲೆಯೂ ಇದೆ. ದಾಭೋಳದಿಂದ ಬೆಂಗಳೂರಿಗೆ ಹೋಗುವ ದೊಡ್ಡ ಗ್ಯಾಸ್ ಕೊಳವೆ ಬೆಳಗಾವಿ, ಧಾರವಾಡದ ಮೇಲೇ ಹಾದುಹೋಗುತ್ತದೆ. ಕೊಳವೆಯ ಲೋಕದಲ್ಲಿ ಸಂಪರ್ಕ ಅಂದರೆ ಒತ್ತಡದ ಅಳತೆ ಮತ್ತು ಕವಾಟ. ಎಲ್ಲೋ ಒತ್ತಡ ಕುಸಿದರೆ ಕಂಟ್ರೋಲ್ ರೂಮಿಗೆ ಕಾಣಬೇಕು, ಅಲ್ಲಿಂದಲೇ ಎರಡೂ ಬದಿಯ ಕವಾಟ ಮುಚ್ಚುವಂತಿರಬೇಕು.

ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೋದಲ್ಲಿ 2010ರ ಸೆಪ್ಟೆಂಬರ್ 9ರಂದು ಕೊಳವೆ ಒಡೆದು ಬೆಂಕಿ ಹೊತ್ತಿ 8 ಜನ ಸತ್ತರು. ಗ್ಯಾಸ್ ನಿಲ್ಲಿಸಲು 95 ನಿಮಿಷ ಬೇಕಾಯಿತು, ಯಾಕೆಂದರೆ ಅಲ್ಲಿನ ಕವಾಟಗಳನ್ನು ಕೈಯಿಂದಲೇ ಮುಚ್ಚಬೇಕಿತ್ತು. ಕಂಟ್ರೋಲ್ ರೂಮಿನಲ್ಲಿ ಅಲಾರಾಂ ಬರುತ್ತಿದ್ದರೂ ಎಲ್ಲಿ ಒಡೆದಿದೆ ಅಂತ ಬೇಗ ತಿಳಿಯಲಿಲ್ಲ. ಶಿರೂರಿನಲ್ಲಿ ಗುಡ್ಡ ಕುಸಿದಾಗ ಒಂದು ಎಲ್‌ಪಿಜಿ ಟ್ಯಾಂಕರ್ ಗಂಗಾವಳಿಗೆ ಹೋಗಿ ಬಿದ್ದಿತ್ತು, ಅದರ ಗ್ಯಾಸನ್ನು ಎಚ್ಚರದಿಂದ ಖಾಲಿ ಮಾಡಿದರು. ಟ್ಯಾಂಕರಿನಲ್ಲಿರುವುದು ಅಳತೆಯ ಗ್ಯಾಸ್. ಕೊಳವೆಯಲ್ಲಿ ಕವಾಟ ಮುಚ್ಚುವವರೆಗೂ ಬರುತ್ತಲೇ ಇರುತ್ತದೆ. ಹಾಗಾಗಿ ಜರಿಯುವ ಗುಡ್ಡಗಳ ಈ ಜಿಲ್ಲೆಯಲ್ಲಿ ಕೊಳವೆ ಹೂಳುವ ಮೊದಲೇ ಕೇಳಬೇಕು: ದೂರದಿಂದ ಮುಚ್ಚುವ ಕವಾಟ ಎಷ್ಟೆಷ್ಟು ಕಿಲೋಮೀಟರಿಗೆ? ಅದರ ಸಂಪರ್ಕ ಕೊಳವೆಯ ಪಕ್ಕದ ಫೈಬರ್ ಒಂದೇನಾ, ಬೇರೆ ದಾರಿಯೂ ಇದೆಯಾ? ಕರೆಂಟ್ ಇಲ್ಲದೆ ಎಷ್ಟು ಗಂಟೆ ನಡೆಯುತ್ತದೆ?

ಕರೆಂಟ್ ವಿಷಯದಲ್ಲಿ ಕೇಳುವುದಕ್ಕೆ ಜಾಗವೂ ಇದೆ, ಹಕ್ಕೂ ಇದೆ. 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದಲ್ಲಿ, ಕರೆಂಟ್ ಹೋದದ್ದನ್ನು ಗಮನಿಸಿ ಸರಿಪಡಿಸಲು ವಿತರಣಾ ಕಂಪನಿ ಸಾಧ್ಯವಾದಷ್ಟು ಸ್ವಯಂಚಾಲಿತ ವ್ಯವಸ್ಥೆ ಇಟ್ಟುಕೊಳ್ಳಬೇಕು ಅಂತ ಇದೆ. ದರ ಪರಿಷ್ಕರಣೆಯ ಅರ್ಜಿ ಬಂದಾಗ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಆಕ್ಷೇಪಣೆ ಕರೆಯುತ್ತದೆ, ಬಹಿರಂಗ ವಿಚಾರಣೆ ನಡೆಸುತ್ತದೆ. ಯಾರು ಬೇಕಾದರೂ ಬರೆದು ಕೊಡಬಹುದು. ನಮ್ಮವರ ಆಕ್ಷೇಪಣೆ ಯೂನಿಟ್ ದರದಲ್ಲೇ ಮುಗಿಯಬಾರದು. ನಮ್ಮ ವಿತರಣಾ ಕಂಪನಿ ಹೆಸ್ಕಾಂನ ಈ ವರ್ಷದ ಖರ್ಚಿನಲ್ಲಿ ಉತ್ತರ ಕನ್ನಡದ ಎಷ್ಟು ಟಿಸಿಗಳಿಗೆ ಸಂಪರ್ಕ ಇರುವ ಮೀಟರ್, ಎಷ್ಟು ಫೀಡರ್‌ಗಳಿಗೆ ಫಾಲ್ಟ್ ಇಂಡಿಕೇಟರ್, ಎಷ್ಟು ಲೈನ್‌ಮನ್‌ಗಳಿಗೆ ವೈರ್‌ಲೆಸ್ ಸೆಟ್ ಅಂತ ತಾಲೂಕುವಾರು ಲೆಕ್ಕ ಕೇಳಿ. ಸೊಸೈಟಿ ಲೆಟರ್‌ಹೆಡ್‌ನಲ್ಲಿ, ಪಂಚಾಯಿತಿ ಠರಾವಿನ ಜೊತೆ ಕಳಿಸಿದರೆ ಇನ್ನೂ ಒಳ್ಳೆಯದು.